ರೌದ್ರದಿಂದ ಕರುಣಕ್ಕೆ: ಹ್ಯೂಸ್ಟನ್ನಿನ ಒಬ್ಬ ಹಾಡುಗವಿ

ಭರತಮುನಿ ತನ್ನ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳಿ, ಅವುಗಳಲ್ಲಿ ನಾಲ್ಕು ಮೂಲವೆಂದೂ ಉಳಿದ ನಾಲ್ಕು ಅವುಗಳಿಂದ ಹುಟ್ಟುವುವೆಂದೂ ವಿವರಿಸುತ್ತಾನೆ. ರೌದ್ರದಿಂದ ಹುಟ್ಟುವುದು ಕರುಣ. ರೌದ್ರನಾದವನು ಎಸಗಿದ ಕಾರ್ಯದ ಫಲವೇ ಕರುಣವೆಂಬುದು ಆ ಮಾತಿನ ತಾತ್ಪರ್ಯ. ಕೊಂದವನ ಆರ್ಭಟ ಅಡಗಿದ ಮೇಲೆ ಕಿವಿಗೆ ಬೀಳುವುದು ಸತ್ತವನ ಮನೆಯ ಅಳು. ತರಗತಿಯಲ್ಲಿ ಇದಕ್ಕೆ ನಾನು ಕೊಡುತ್ತ ಬಂದ ನಿದರ್ಶನ ರನ್ನನ ದುರ್ಯೋಧನ. ಹೆಣಗಳ ನಡುವೆ ನಡೆಯುತ್ತ ತನ್ನವರನ್ನು ಕಂಡು ಕಂಡು ಮರುಗುವ ಆ ಛಲದಂಕಮಲ್ಲ. ಈಚೆಗೆ ಇನ್ನೊಂದು ನಿದರ್ಶನವನ್ನೂ ಅದರ ಜೊತೆಗೆ ಇಡಬೇಕೆನಿಸಿದೆ. ಅದು ಬಂದದ್ದು ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಹ್ಯೂಸ್ಟನ್ ನಗರದಿಂದ. ಸ್ಕಾರ್‌ಫೇಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಬ್ರ್ಯಾಡ್ ಜೋರ್ಡನ್ನನ ಧ್ವನಿಮುದ್ರಿಕೆಗಳೇ ಆ ನಿದರ್ಶನ.

ನಮ್ಮ ವಿದ್ಯಾರ್ಥಿಗಳು ಬಲ್ಲ ರ‍್ಯಾಪ್ ಎಂಬ ಕಲೆ 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ, ಕರಿಯ ಜನರ ನಡುವೆ ಹುಟ್ಟಿತು. ತಾಳದ ಬಡಿತಕ್ಕೆ ಸರಿಯಾಗಿ ಪ್ರಾಸಬದ್ಧವಾದ ಮಾತನ್ನು ನುಡಿಯುವುದೇ ಅದರ ಲಕ್ಷಣ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ ನಿಂತರೆ, ಇಲ್ಲಿ ಅದು ಸಾಲಿನ ಕೊನೆಯಲ್ಲಿಯೂ ಒಳಗೂ ಹೆಣೆದುಕೊಳ್ಳುತ್ತದೆ. ಮೊದಲಿನಿಂದಲೂ ಇದರ ಮುಖ್ಯ ವಸ್ತುಗಳಲ್ಲಿ ಆತ್ಮಪ್ರಶಂಸೆ ಒಂದು: ನನ್ನನ್ನು ಮೀರಿಸುವವರಿಲ್ಲ, ಎದುರಾದವನು ಉಳಿಯಲಾರ. 1980ರ ದಶಕದ ಕೊನೆಗೆ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಈ ಕಲೆಯ ಎರಡು ರಾಜಧಾನಿಗಳಾಗಿದ್ದವು. ದಕ್ಷಿಣದವರ ಎಳೆದಾಡುವ ನುಡಿಗೆ ಆ ಎರಡು ಸಭೆಗಳಲ್ಲಿಯೂ ಮನ್ನಣೆ ಇರಲಿಲ್ಲ.

ಜೋರ್ಡನ್ ಹುಟ್ಟಿದ್ದು 1970ರಲ್ಲಿ, ಹ್ಯೂಸ್ಟನ್ನಿನಲ್ಲಿ. ಬೆಳೆದದ್ದು ಆ ನಗರದ ದಕ್ಷಿಣ ಭಾಗದಲ್ಲಿ. ಗಿಟಾರ್ ನುಡಿಸುವುದನ್ನು ಈತ ಬಲ್ಲ. ಎಳೆಯ ವಯಸ್ಸಿನಲ್ಲಿಯೇ ಖಿನ್ನತೆ ಈತನನ್ನು ಮುತ್ತಿತ್ತೆಂದೂ, ತಾನು ಆತ್ಮಹತ್ಯೆಗೆ ಯತ್ನಿಸಿದ್ದೆನೆಂದೂ, ಮಾನಸಿಕ ಚಿಕಿತ್ಸಾಲಯದಲ್ಲಿ ಇರಬೇಕಾಯಿತೆಂದೂ 2015ರಲ್ಲಿ ಪ್ರಕಟವಾದ ‘ಡೈರಿ ಆಫ್ ಎ ಮ್ಯಾಡ್‌ಮ್ಯಾನ್’ ಎಂಬ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಜೇಮ್ಸ್ ಪ್ರಿನ್ಸ್ ಎಂಬ ಸ್ಥಳೀಯ ಉದ್ಯಮಿ ಹ್ಯೂಸ್ಟನ್ನಿನಲ್ಲಿಯೇ ಕಟ್ಟಿದ ‘ರ‍್ಯಾಪ್-ಎ-ಲಾಟ್’ ಸಂಸ್ಥೆಯ ಮೂಲಕ ಈ ತರುಣ ‘ಗೆಟೊ ಬಾಯ್ಸ್’ ತಂಡವನ್ನು ಸೇರಿದ. ವಿಲ್ಲಿ ಡಿ ಮತ್ತು ಬುಷ್‌ವಿಕ್ ಬಿಲ್ ಈತನ ಸಂಗಾತಿಗಳು. ‘ಸ್ಕಾರ್‌ಫೇಸ್’ ಎಂಬ ಹೆಸರು 1983ರ ಚಲನಚಿತ್ರವೊಂದರಿಂದ ಬಂದದ್ದು.

ಈ ತಂಡದ ಮೊದಮೊದಲ ಹಾಡುಗಳನ್ನು ಸಮರ್ಥಿಸುವ ಇಚ್ಛೆ ನನಗಿಲ್ಲ. ಅವುಗಳಲ್ಲಿ ರಕ್ತಪಾತದ ವರ್ಣನೆ ಧಾರಾಳ. ಸ್ತ್ರೀಯರ ವಿಷಯದಲ್ಲಿ ಆಡಿದ ಮಾತುಗಳು ಹೇಯ. 1990ರಲ್ಲಿ ಇವರ ಧ್ವನಿಮುದ್ರಿಕೆಯನ್ನು ಹಂಚಲು ಗೆಫೆನ್ ಕಂಪನಿ ನಿರಾಕರಿಸಿತು. ಅದು ಬೇರೊಂದು ಹಾದಿಯಿಂದ ಹೊರಬರಬೇಕಾಯಿತು. ಇದು ಶುದ್ಧ ರೌದ್ರದ ಘಟ್ಟ. ಕೇಳುವವನಿಗೆ ಇಲ್ಲಿ ಬೆಚ್ಚುವಿಕೆಯುಂಟು, ಅಸಹ್ಯವುಂಟು. ಕನಿಕರಕ್ಕೆ ಮಾತ್ರ ಎಡೆಯಿಲ್ಲ.

ತಿರುವು ಕಂಡದ್ದು 1991ರಲ್ಲಿ. ‘ಮೈಂಡ್ ಪ್ಲೇಯಿಂಗ್ ಟ್ರಿಕ್ಸ್ ಆನ್ ಮಿ’, ಎಂದರೆ ‘ಮನಸ್ಸು ನನ್ನನ್ನು ವಂಚಿಸುತ್ತಿದೆ’ ಎಂಬ ಹಾಡು ಆ ವರ್ಷ ಬಂದಿತು. ಅದರ ಹೆಚ್ಚಿನ ಭಾಗ ಸ್ಕಾರ್‌ಫೇಸನ ರಚನೆ. ಐಸಾಕ್ ಹೇಯ್ಸ್ 1974ರಲ್ಲಿ ಚಲನಚಿತ್ರವೊಂದಕ್ಕೆ ಮಾಡಿದ ಸಂಗೀತದ ಗಿಟಾರ್ ತುಣುಕೊಂದು ಅದರಲ್ಲಿ ಮತ್ತೆ ಮತ್ತೆ ಮರಳುತ್ತದೆ. ಅದುವರೆಗೆ ಊರನ್ನು ಬೆದರಿಸಿದ್ದ ಗಂಡಸು ಇಲ್ಲಿ ತಾನೇ ಬೆದರಿದ್ದಾನೆ. ನಿದ್ರೆ ಬಾರದು, ಯಾರೋ ಹಿಂಬಾಲಿಸುತ್ತಿರುವಂತೆ ಭ್ರಮೆ, ಬದುಕು ಸಾಕೆಂಬ ಯೋಚನೆ. ಬುಷ್‌ವಿಕ್ ಬಿಲ್ ನುಡಿಯುವ ಕೊನೆಯ ಭಾಗದಲ್ಲಿ ಭಾರಿ ಆಳೊಬ್ಬನನ್ನು ಮೂವರೂ ಹೊಡೆಯುತ್ತಾರೆ. ಕಣ್ಣು ತೆರೆದಾಗ ಅಲ್ಲಿ ಯಾರೂ ಇಲ್ಲ; ಗಟ್ಟಿ ನೆಲವನ್ನು ಗುದ್ದಿದ ಕೈಯಲ್ಲಿ ರಕ್ತ. ರೌದ್ರ ತನಗೆ ತಾನೇ ಪೆಟ್ಟು ಕೊಟ್ಟುಕೊಳ್ಳುವ ಈ ಚಿತ್ರಕ್ಕಿಂತ ಸಮರ್ಥವಾದ ಚಿತ್ರವನ್ನು ಆ ಕಾಲದ ರ‍್ಯಾಪಿನಲ್ಲಿ ನಾನು ಕಂಡಿಲ್ಲ. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೆಯ ಸ್ಥಾನಕ್ಕೆ ಏರಿತು.

ಅದೇ ವರ್ಷ ಈತನ ಮೊದಲ ಸ್ವತಂತ್ರ ಆಲ್ಬಮ್ ಬಂದಿತು. 1994ರ ‘ದಿ ಡೈರಿ’ಯಲ್ಲಿ ಕರುಣ ಪೂರ್ಣವಾಗಿ ಅರಳಿತು. ಅದರ ‘ಐ ಸೀನ್ ಎ ಮ್ಯಾನ್ ಡೈ’ ಹಾಡಿನಲ್ಲಿ ಸೆರೆಮನೆಯಿಂದ ಬಿಡುಗಡೆಯಾದವನೊಬ್ಬ ತಂದೆಯ ಬಳಿಗೆ ಮರಳುತ್ತಾನೆ, ತಿದ್ದಿಕೊಂಡೆನೆಂದು ಭಾವಿಸುತ್ತಾನೆ, ಹಳೆಯ ಹಾದಿ ಮತ್ತೆ ಎಳೆಯುತ್ತದೆ, ಗುಂಡಿಗೆ ಬೀಳುತ್ತಾನೆ. ಕವಿ ಇಲ್ಲಿ ನೀತಿ ಬೋಧಿಸುವುದಿಲ್ಲ. ಸಾಯುತ್ತಿರುವವನ ಪಕ್ಕದಲ್ಲಿ ಕುಳಿತು, ಹೆದರಬೇಡವೆನ್ನುವವನ ದನಿಯಲ್ಲಿ, ಕೊನೆಯ ಉಸಿರಿನವರೆಗೆ ಜೊತೆಗಿರುತ್ತಾನೆ. ಈ ಆಲ್ಬಮಿನ ಸಂಗೀತವನ್ನು ಈತನೊಡನೆ ಮೈಕ್ ಡೀನ್ ಮತ್ತು ಎನ್. ಓ. ಜೋ ರೂಪಿಸಿದರು. ಆ ಸಂಗೀತ ವಿಳಂಬ, ಗಂಭೀರ, ದನಿ ಭಾರ, ಮಾತು ಮಾತ್ರ ಒಂದೊಂದೂ ಸ್ಪಷ್ಟ. ದಕ್ಷಿಣದ ಆ ನಿಧಾನಗತಿಯ ನುಡಿಯೇ ಇಲ್ಲಿ ಶೋಕಕ್ಕೆ ತಕ್ಕ ವಾಹಕವಾಯಿತು. ಬೇಗಬೇಗನೆ ನುಡಿದಿದ್ದರೆ ಆ ಸಾವಿನ ಮನೆ ನಮ್ಮ ಕಣ್ಣಮುಂದೆ ನಿಲ್ಲುತ್ತಿರಲಿಲ್ಲ.

1996ರ ಸೆಪ್ಟೆಂಬರಿನಲ್ಲಿ ಕವಿ-ಗಾಯಕ ಟೂಪಾಕ್ ಷಕೂರ್ ಗುಂಡೇಟಿನಿಂದ ಮಡಿದ. ಮರುವರ್ಷ ಅವನ ದನಿಯೊಡನೆ ಸ್ಕಾರ್‌ಫೇಸನ ‘ಸ್ಮೈಲ್’ ಹೊರಬಂದಾಗ, ಕಷ್ಟದಲ್ಲಿಯೂ ನಗಬೇಕೆಂಬ ಅದರ ಹಾರೈಕೆ ಸತ್ತವನ ಬಾಯಿಂದಲೇ ಬಂದಂತಿತ್ತು. ಅದನ್ನೊಳಗೊಂಡ ‘ದಿ ಅನ್‌ಟಚೆಬಲ್’ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯ ಮೊದಲ ಸ್ಥಾನವನ್ನು ಪಡೆಯಿತು. ಮುಂದೆ ನ್ಯೂಯಾರ್ಕಿನ ಡೆಫ್ ಜ್ಯಾಮ್ ಸಂಸ್ಥೆ ದಕ್ಷಿಣಕ್ಕಾಗಿ ತೆರೆದ ಶಾಖೆಗೆ ಈತನೇ ಮುಖ್ಯಸ್ಥನಾದ; ಲುಡಾಕ್ರಿಸ್ ಎಂಬ ಅಟ್ಲಾಂಟದ ಗಾಯಕ ಆ ಮೂಲಕ ದೇಶಕ್ಕೆ ಪರಿಚಿತನಾದ. 2002ರ ‘ದಿ ಫಿಕ್ಸ್’ ಆಲ್ಬಮಿಗೆ ‘ದಿ ಸೋರ್ಸ್’ ಪತ್ರಿಕೆ ತನ್ನ ಅತ್ಯುನ್ನತ ಶ್ರೇಣಿಯನ್ನು ನೀಡಿತು. ಅದರ ‘ಆನ್ ಮೈ ಬ್ಲಾಕ್’ ಹಾಡಿನಲ್ಲಿ ತಾನು ಬೆಳೆದ ಬೀದಿಯನ್ನು ಪ್ರೀತಿಯಿಂದ ನೆನೆಯುತ್ತಾನೆ. ಬೀದಿ ಅದೇ, ನೋಡುವ ಕಣ್ಣು ಮಾಗಿದೆ.

ಅನಂತರದ ಬದುಕು ಹಾಡುಗಳಷ್ಟೇ ಕಠಿನವಾಗಿತ್ತು. 2019ರ ಜೂನಿನಲ್ಲಿ ಬುಷ್‌ವಿಕ್ ಬಿಲ್ ತೀರಿಕೊಂಡ. ಅದೇ ವರ್ಷ ಹ್ಯೂಸ್ಟನ್ ನಗರಸಭೆಯ ಚುನಾವಣೆಗೆ ನಿಂತು, ಎರಡನೆಯ ಸುತ್ತಿನವರೆಗೆ ಹೋಗಿ, ಸ್ಕಾರ್‌ಫೇಸ್ ಸೋತ. 2020ರಲ್ಲಿ ಕೋವಿಡ್ ತಗಲಿ ಮೂತ್ರಪಿಂಡಗಳು ಕೆಟ್ಟವು. 2021ರಲ್ಲಿ ಮಗನೇ ತನ್ನ ಒಂದು ಮೂತ್ರಪಿಂಡವನ್ನು ತಂದೆಗೆ ಕೊಟ್ಟ. 2023ರ ಡಿಸೆಂಬರಿನಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೋ ಏರ್ಪಡಿಸುವ ಪುಟ್ಟ ಕಛೇರಿಯಲ್ಲಿ, ವಾದ್ಯವೃಂದದೊಡನೆ, ಈತ ತನ್ನ ಹಳೆಯ ಹಾಡುಗಳನ್ನು ಮತ್ತೆ ನುಡಿದ.

ಇಂಥ ಹಾಡುಗಳನ್ನು ಕಾವ್ಯವೆಂದು ಎಣಿಸಬಹುದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹೇಯವಾದುದನ್ನು ಹೇಯವೆನ್ನುವ ಧೈರ್ಯ ವಿಮರ್ಶಕನಿಗೆ ಇರಬೇಕು. ಆ ಕಾರಣದಿಂದ ಉಳಿದುದಕ್ಕೂ ಕಿವಿಮುಚ್ಚುವುದು ಸಹೃದಯತೆಯಲ್ಲ. ಇಬ್ಬರು ಕವಿಗಳು ಬೇರೆಬೇರೆಯಾಗಿ ಹಾಡಿದ್ದರೆ ಆಯ್ಕೆ ಸುಲಭವಾಗುತ್ತಿತ್ತು. ಇಲ್ಲಿ ಆರ್ಭಟಿಸಿದ ಬಾಯಿಯೇ ಅತ್ತಿದೆ. ಆ ಅಳುವಿನ ಬೆಲೆಯನ್ನು ಅರಿಯಬೇಕಾದರೆ ಮೊದಲಿನ ಆರ್ಭಟವನ್ನೂ ಕೇಳಿಸಿಕೊಂಡಿರಬೇಕು. ದುರ್ಯೋಧನನ ಶೋಕ ನಮ್ಮನ್ನು ಕಲಕುವುದು ಅವನು ದುರ್ಯೋಧನನಾದುದರಿಂದಲೇ.