ಆರು ಸೆಂಟಿಮೀಟರ್ ಕರಾವಳಿ, ಎರಡೂವರೆ ಅಂಕ

ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ, ತಲಾ 100 ಪ್ರಶ್ನೆ, ಪ್ರಶ್ನೆಗೆ 2 ಅಂಕ. 384 ಹುದ್ದೆಗಳಿಗೆ ಕರೆದ 2024ರ ಅಧಿಸೂಚನೆಯಲ್ಲಿ ಸಾಮಾನ್ಯ ವರ್ಗದ ಶುಲ್ಕ 600 ರೂಪಾಯಿ ಇತ್ತು. ಭಾಗಿಸಿ ನೋಡಿದರೆ ಪ್ರಶ್ನೆಯೊಂದಕ್ಕೆ 3 ರೂಪಾಯಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಷ್ಟಕ್ಕೆ ಒಂದು ಲೋಟ ಟೀ ಬಾರದು. ತಪ್ಪು ಉತ್ತರದ ಲೆಕ್ಕ ಮಾತ್ರ ಬೇರೆ: ಬರಬೇಕಿದ್ದ 2 ಅಂಕವೂ ಹೋಯಿತು, ಬಂದಿದ್ದರಲ್ಲಿ ಆ ಪ್ರಶ್ನೆಯ ಅಂಕದ ಕಾಲು ಪಾಲು, ಅಂದರೆ ಅರ್ಧ ಅಂಕವೂ ಕಡಿತವಾಯಿತು. ಒಟ್ಟು ನಷ್ಟ ಎರಡೂವರೆ. ಕಟ್‌ಆಫ್ ಅಂಚಿನಲ್ಲಿರುವವರಿಗೆ ಅದು ಇನ್ನೊಂದು ವರ್ಷದ ರೂಮ್ ಬಾಡಿಗೆ.

ಈ ಎರಡೂವರೆ ಅಂಕವನ್ನು ಸುಲಭವಾಗಿ ಕಳೆದುಕೊಳ್ಳುವ ಪಾಠವೆಂದರೆ ಭಾರತದ ಕರಾವಳಿ. ಎನ್‌ಸಿಇಆರ್‌ಟಿಯ ಹಳೆಯ ಒಂಬತ್ತನೇ ತರಗತಿ ಪುಸ್ತಕದಿಂದ ಹಿಡಿದು ಕೈಯಿಂದ ಕೈಗೆ ಬಂದ ಗೈಡ್‌ಗಳವರೆಗೆ ಎಲ್ಲ ಕಡೆ ಇದ್ದದ್ದು ಒಂದೇ ಸಂಖ್ಯೆ: 7,516.6 ಕಿ.ಮೀ. ಅದರಲ್ಲಿ ಮುಖ್ಯಭೂಮಿಯದು 5,422.6, ದ್ವೀಪಗಳದು 2,094. ಕೇಂದ್ರ ಗೃಹ ಸಚಿವಾಲಯದ 2023–24ರ ವಾರ್ಷಿಕ ವರದಿ ಇದನ್ನು 11,098.81 ಕಿ.ಮೀ.ಗೆ ಏರಿಸಿತು. ಹೆಚ್ಚಳ 3,582 ಕಿ.ಮೀ., ಶೇ 47ಕ್ಕಿಂತ ಜಾಸ್ತಿ. ಈಗ ಮುಖ್ಯಭೂಮಿಗೆ 7,870.51, ದ್ವೀಪಗಳಿಗೆ 3,228.30.

ಸಮುದ್ರ ಎಲ್ಲೂ ಉಕ್ಕಿ ಬಂದಿಲ್ಲ, ಅಳತೆಯ ನಕ್ಷೆ ಬದಲಾಗಿದೆ. 1970ರ ದಶಕದ ಲೆಕ್ಕ 1:45,00,000 ಪ್ರಮಾಣದ ನಕ್ಷೆಯ ಮೇಲಿನದು. ಅಲ್ಲಿ ಒಂದು ಸೆಂಟಿಮೀಟರ್ ಅಂದರೆ 45 ಕಿ.ಮೀ. ಹೊಸದು 1:2,50,000ರದ್ದು, ಒಂದು ಸೆಂಟಿಮೀಟರಿಗೆ ಎರಡೂವರೆ ಕಿ.ಮೀ. ಕರ್ನಾಟಕದ ಹಳೆಯ 280 ಕಿ.ಮೀ. ಆ ಮೊದಲ ನಕ್ಷೆಯಲ್ಲಿ ಬರೀ 6.2 ಸೆಂ.ಮೀ., ಸವೆದ ಪೆನ್ಸಿಲ್ಲಿನಷ್ಟು. ಹೊಸ ನಕ್ಷೆಯಲ್ಲಿ ದಾರ ಹಿಡಿದು ಅಳೆದರೆ ನಮ್ಮ 343.30 ಕಿ.ಮೀ.ಗೆ 137 ಸೆಂ.ಮೀ. ದಾರ ಬೇಕು, ಹೆಚ್ಚುಕಡಿಮೆ ನಾಲ್ಕೂವರೆ ಅಡಿ. ಹೊನ್ನಾವರದ ಶರಾವತಿ ಅಳಿವೆ, ಅಘನಾಶಿನಿಯ ಹಿನ್ನೀರು, ಮರವಂತೆಯಲ್ಲಿ ಕಡಲಿನ ಮಗ್ಗುಲಿಗೇ ಬಂದೂ ಅದನ್ನು ಸೇರದೆ ಗಂಗೊಳ್ಳಿಯತ್ತ ತಿರುಗುವ ಸೌಪರ್ಣಿಕಾ: ಇಂಥ ಒಳತಿರುವುಗಳಿಗೆ ಆರು ಸೆಂಟಿಮೀಟರಿನಲ್ಲಿ ಜಾಗ ಎಲ್ಲಿಂದ ಬರಬೇಕು? ನಕ್ಷೆ ಸೂಕ್ಷ್ಮವಾದಷ್ಟೂ ದಡ ಉದ್ದವಾಗುತ್ತದೆ ಎಂಬುದನ್ನು ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1967ರಲ್ಲೇ ಬ್ರಿಟನ್ನಿನ ತೀರದ ಉದಾಹರಣೆ ಕೊಟ್ಟು ಬರೆದಿದ್ದ.

ದಡ ಎಷ್ಟು ಸೀಳಿದೆಯೋ ಅಷ್ಟು ಏರಿಕೆ. ಸುಂದರಬನದ ಪಶ್ಚಿಮ ಬಂಗಾಳ 157.5ರಿಂದ 721.02ಕ್ಕೆ, ನಾಲ್ಕೂವರೆ ಪಟ್ಟು. ಎರಡು ಖಾರಿಗಳ ಗುಜರಾತ್ 1,214.7ರಿಂದ 2,340.62ಕ್ಕೆ. ಗೋವಾ 101ರಿಂದ 193.95ಕ್ಕೆ. ನೇರ ಗೆರೆಯಂತಿರುವ ಕೇರಳಕ್ಕೆ ಸಿಕ್ಕಿದ್ದು 30 ಕಿ.ಮೀ. ಮಾತ್ರ, 569.7 ಹೋಗಿ 600.15. ಕಡಿಮೆಯಾದದ್ದು ಪುದುಚೇರಿ ಒಂದೇ: 47.6 ಇದ್ದದ್ದು 42.65.

ಪರೀಕ್ಷೆಗೆ ಕೂರುವವರು ದಶಾಂಶದ ಹಿಂದೆ ಬೀಳುವುದಕ್ಕಿಂತ ಕ್ರಮಾಂಕ ನೋಡುವುದು ಲಾಭ ಎಂಬುದು ನನ್ನ ಲೆಕ್ಕಾಚಾರ. ಇಳಿಕೆ ಕ್ರಮದಲ್ಲಿ ಜೋಡಿಸಿ ಎನ್ನುವ ಪ್ರಶ್ನೆಗೆ ಹಳೆಯ ಉತ್ತರ ಗುಜರಾತ್, ಆಂಧ್ರ, ತಮಿಳುನಾಡು. ಈಗ ತಮಿಳುನಾಡು 1,068.69, ಆಂಧ್ರ 1,053.07. ಬರೀ 15.62 ಕಿ.ಮೀ. ಅಂತರದಲ್ಲಿ ಎರಡನೇ ಸ್ಥಾನ ಕೈಬದಲಾಗಿದೆ. ಎಂಟನೆಯದಾಗಿದ್ದ ಬಂಗಾಳ ಕೇರಳ, ಒಡಿಶಾ, ಕರ್ನಾಟಕ ಮೂರನ್ನೂ ದಾಟಿ ಐದಕ್ಕೆ ಹೋಯಿತು. ಒಂಬತ್ತು ರಾಜ್ಯಗಳಲ್ಲಿ ನಾವು ಏಳರಿಂದ ಎಂಟಕ್ಕೆ ಇಳಿದೆವು. ನಮ್ಮ ದಡ 63.30 ಕಿ.ಮೀ. ಬೆಳೆದರೂ ಮುಖ್ಯಭೂಮಿಯ ತೀರದಲ್ಲಿ ನಮ್ಮ ಪಾಲು ಶೇ 5.2ರಿಂದ 4.4ಕ್ಕೆ ಕುಸಿಯಿತು.

ಮಲೆನಾಡಿನ ಹುಡುಗರಿಗೆ ಕಡಲು ದೂರದ ವಿಷಯ ಅನ್ನುವ ಹಾಗೂ ಇಲ್ಲ. ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆಯೇ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ 128 ಕಿ.ಮೀ. ಹರಿದು ಅರಬ್ಬಿ ಸಮುದ್ರ ಸೇರುತ್ತದೆ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಕೂಡ್ಲಿಯಲ್ಲಿ ಒಂದಾಗಿ, ಕೃಷ್ಣೆಯ ಜೊತೆ ಇಡೀ ದಖ್ಖನ್ ದಾಟಿ ಆಂಧ್ರದ ಕರಾವಳಿಗೆ ಹೋಗುತ್ತವೆ. ಪೂರ್ವಕ್ಕೆ, ಪಶ್ಚಿಮಕ್ಕೆ ಹರಿಯುವ ನದಿಗಳ ಪ್ರಶ್ನೆಗೆ ಜಿಲ್ಲೆಯೊಳಗೇ ಉತ್ತರ ಇದೆ.

ಇನ್ನು ಖರ್ಚು. ಒಂಬತ್ತು ರಾಜ್ಯ, ನಾಲ್ಕು ಕೇಂದ್ರಾಡಳಿತ ಪ್ರದೇಶ, ಮುಖ್ಯಭೂಮಿ, ದ್ವೀಪ, ಒಟ್ಟು: ಬದಲಾದದ್ದು 16 ಸಂಖ್ಯೆ. ಒಂದು ಹಾಳೆಯ ಒಂದೇ ಮಗ್ಗುಲಿಗೆ ಸಾಕು. ಪುಟಕ್ಕೆ 2 ರೂಪಾಯಿ ಹಿಡಿದರೂ ಒಂದು ರೂಮಿನ ನಾಲ್ವರಿಗೆ ಜೆರಾಕ್ಸ್ ಖರ್ಚು 8 ರೂಪಾಯಿ. ಎನ್‌ಸಿಇಆರ್‌ಟಿ ಪುಸ್ತಕಗಳ ಪಿಡಿಎಫ್ ಪುಕ್ಕಟೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓದಲು ಬರುವ ಹುಡುಗಿಯರಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ ಉಚಿತ. ಹೊಸ ಗೈಡಿಗೆಂದೇ ದುಡ್ಡು ಹಾಕುವ ಅಗತ್ಯ ಈ ಪಾಠಕ್ಕಿಲ್ಲ.

ಹಳೆಯ ನೋಟ್ಸ್ ಪೂರ್ತಿ ಹರಿಯಬೇಕಾಗಿಯೂ ಇಲ್ಲ. ಪ್ರಾದೇಶಿಕ ಸಮುದ್ರ 12 ನಾಟಿಕಲ್ ಮೈಲಿ, ವಿಶೇಷ ಆರ್ಥಿಕ ವಲಯ 200, ಒಂದು ನಾಟಿಕಲ್ ಮೈಲಿ 1.852 ಕಿ.ಮೀ.: ಇವು ಹಾಗೇ ಇವೆ. ರಾಜ್ಯದ ಏಕೈಕ ಪ್ರಮುಖ ಬಂದರು ಇಂದಿಗೂ 1974ರ ನವಮಂಗಳೂರೇ. ಮಹಾರಾಷ್ಟ್ರದ ವಾಧವನ್ ಬಂದರಿಗೆ 2024ರ ಜೂನ್‌ನಲ್ಲಿ 76,220 ಕೋಟಿ ರೂಪಾಯಿಯ ಒಪ್ಪಿಗೆ ಸಿಕ್ಕಿದ್ದನ್ನು ಪಕ್ಕದಲ್ಲಿ ಬರೆದುಕೊಂಡರಾಯಿತು.

ತಕರಾರು ಇರುವುದು ನಮ್ಮ ರಾಜ್ಯದ ಅಂಕಿಯಲ್ಲಿ. ಕೇಂದ್ರದ ಹಳೆಯ ಪಟ್ಟಿ 280 ಎನ್ನುತ್ತದೆ, ರಾಜ್ಯದ ಪುಸ್ತಕಗಳು 320 ಎನ್ನುತ್ತವೆ, ಹೊಸ ಪಟ್ಟಿ 343.30. ಮೂರನ್ನೂ ಬಲ್ಲ ಅಭ್ಯರ್ಥಿಗೇ ಇಲ್ಲಿ ಗೊಂದಲ ಜಾಸ್ತಿ. ಪ್ರಶ್ನೆಯಲ್ಲಿ ‘ಪರಿಷ್ಕೃತ’, ‘ಇತ್ತೀಚಿನ’ ಎಂದಿದ್ದರೆ 343.30. ಅಂಥ ಸೂಚನೆ ಇಲ್ಲದೆ, ಆಯ್ಕೆಗಳಲ್ಲಿ 320 ಮಾತ್ರ ಇದ್ದರೆ ಅದನ್ನೇ ಗುರುತು ಮಾಡಬೇಕು. ಎರಡೂ ಇದ್ದು ಸೂಚನೆ ಇಲ್ಲದಿದ್ದರೆ ನಾನಾದರೆ ಹೊಸದನ್ನೇ ತುಂಬಿ, ಕೀ ಆನ್ಸರ್ ಬಂದ ದಿನ ಆಕ್ಷೇಪಣೆ ಸಲ್ಲಿಸಲು ಗೃಹ ಸಚಿವಾಲಯದ ವರದಿಯ ಆ ಪುಟವನ್ನು ಮೊದಲೇ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳುತ್ತೇನೆ.