ಕವಿಯ ಮನೆ ಉಳಿಯಬೇಕಾದರೆ

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಕಲ್ಲಿನ ಕಟ್ಟಡ, ಮೇಲೆ ಪುರಾತತ್ವ ಇಲಾಖೆಯ ರಕ್ಷಣೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಧಾರವಾಡದ ಶುಕ್ರವಾರಪೇಟೆಯಲ್ಲಿ ಗಾಯಕಿ ಗಂಗೂಬಾಯಿ ಹಾನಗಲ್ ಬಾಲ್ಯ ಕಳೆದ ‘ಗಂಗೋತ್ರಿ’ ಮನೆಗೆ ಇಂಥ ಆಸರೆ ಸಿಗಲಿಲ್ಲ. ಸರ್ಕಾರವೇ ದುರಸ್ತಿ ಮಾಡಿಸಿ ಸ್ಮಾರಕವಾಗಿಸಿದ ಆ ಮನೆ, ನೋಡಿಕೊಳ್ಳುವವರಿಲ್ಲದೆ ಹಾಳುಬಿತ್ತು. ಮಣ್ಣಿನ ಗೋಡೆ, ಮರದ ತೊಲೆ, ಹಂಚಿನ ಸೂರು ಪ್ರತಿ ಮಳೆಗಾಲಕ್ಕೂ ಆರೈಕೆ ಕೇಳುತ್ತವೆ. ಹಂಚು ಕೈಯಾಡಿಸದಿದ್ದರೆ ಮನೆ ಸೋರುತ್ತದೆ, ಸೋರಿದರೆ ತೊಲೆ ಕೊಳೆಯುತ್ತದೆ. ಸಾಹಿತಿ, ಕಲಾವಿದರ ಬಾಲ್ಯದ ಮನೆಯನ್ನು ಉಳಿಸುವುದು ಉದ್ಘಾಟನೆಯಲ್ಲ, ವರ್ಷವರ್ಷವೂ ಹೊಣೆ ಹೊರುವ ಸಂಸ್ಥೆ.

ಇದಕ್ಕೆ ಕುಪ್ಪಳಿಯೇ ಸಾಕ್ಷಿ. 1904ರ ಡಿಸೆಂಬರ್ 29ರಂದು ತಾಯಿಯ ತವರು ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಉಪ್ಪರಿಗೆಯ ತೊಟ್ಟಿಮನೆಯಲ್ಲಿ. ಅಲ್ಲಿನ ಮಳೆ ಧಾರವಾಡದ ಮಳೆಗಿಂತ ಎಷ್ಟೋ ಪಟ್ಟು ಬಿರುಸು. ಆದರೂ ಮನೆ ನಿಂತಿದೆ. 1992ರಲ್ಲಿ ಸ್ಥಾಪನೆಯಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ಹಳೆಯ ಮಾದರಿಯಲ್ಲೇ ಜೀರ್ಣೋದ್ಧಾರ ಮಾಡಿ ಇಂದಿಗೂ ನಡೆಸುತ್ತಿದೆ. 2015ರಲ್ಲಿ ಕವಿಯ ಪದ್ಮ ಪದಕಗಳು ಅಲ್ಲಿಂದ ಕಳುವಾದವು. ಸಂಸ್ಥೆಯಿದ್ದ ಮಾತ್ರಕ್ಕೆ ಎಲ್ಲವೂ ಭದ್ರವಲ್ಲ ಎಂಬುದೂ ನಿಜ. ಆದರೆ ಅಂಥ ಪೆಟ್ಟು ಬಿದ್ದಾಗ ಉತ್ತರ ಕೊಡಲು, ಬಾಗಿಲನ್ನು ಮತ್ತೆ ತೆರೆದಿಡಲು ಅಲ್ಲಿ ಯಾರೋ ಇದ್ದರು.

ಸಾಹಿತಿ ಬದುಕುವುದು ಪುಸ್ತಕದಲ್ಲಿ, ಮನೆ ಉಳಿಸುವ ಹಣ ಗ್ರಂಥಾಲಯಕ್ಕೆ ಹೋಗಲಿ ಎನ್ನುವವರಿದ್ದಾರೆ. ಗ್ರಂಥಾಲಯ ಬೇಕೇಬೇಕು. ಆದರೆ ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಒಡೆಯರು, ಆಳುಗಳು, ಅಡಿಗೆಮನೆ, ಗದ್ದೆಗಳ ಲೋಕ ಈಗಿನ ಮಕ್ಕಳಿಗೆ ದೂರದ್ದು. ಕುಪ್ಪಳಿಯ ಪಾತ್ರೆಪಡಗ, ಬೇಸಾಯದ ಸಲಕರಣೆಗಳನ್ನು ನೋಡಿ ಅಲ್ಲಿನ ಗುಡ್ಡದ ಕವಿಶೈಲ ಹತ್ತಿದ ಹುಡುಗಿಗೆ ಆ ಪುಟಗಳು ಹತ್ತಿರವಾಗುತ್ತವೆ. ದುರಸ್ತಿಯಾದ ಮನೆ ಅಸಲಿಯಲ್ಲ ಎಂಬ ಆಕ್ಷೇಪವೂ ಇದೆ. ಕಂಬ, ಹಂಚು ಬದಲಿಸುತ್ತಲೇ ಬಾಳುವುದು ಇಂಥ ಮನೆಗಳ ಸ್ವಭಾವ. ಯಾವುದು ಹಳೆಯದು, ಯಾವುದು ಹೊಸದು ಎಂದು ನೋಡಲು ಬಂದವರಿಗೆ ಮುಚ್ಚಿಡದೆ ತಿಳಿಸಿದರೆ ಸಾಕು.

ಹಾಗಾಗಿ ಹೊಸ ಸ್ಮಾರಕ ಘೋಷಿಸುವ ಮೊದಲು ಸರ್ಕಾರ ಎರಡು ಮಾತು ಹೇಳಲಿ: ಅದನ್ನು ನೋಡಿಕೊಳ್ಳುವವರು ಯಾರು, ವರ್ಷದ ಖರ್ಚು ಎಲ್ಲಿಂದ? ಗಂಗೋತ್ರಿಗೂ ಇದೇ ದಾರಿ. ಅಲ್ಲಿ ನಿತ್ಯ ಸಂಗೀತ ಪಾಠ ನಡೆಯುವಂತಾದರೆ ಸೂರು ಸೋರಿದ ದಿನವೇ ಯಾರಿಗಾದರೂ ತಿಳಿಯುತ್ತದೆ.