ಅಣ್ಣನನ್ನು ಕೊಟ್ಟು ಹುಡುಗನನ್ನು ತಂದರು

ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ಹೋಗುವ ದಾರಿಯ ಒಂದು ಊರಿಗೆ ಅಡಿಕೆ ಧಾರಣೆಯ ಸುದ್ದಿ ಕೇಳಲು ಹೋಗಿದ್ದೆ. ಅಲ್ಲಿ ಯಾರಿಗೂ ಅಡಿಕೆಯ ಮಾತು ಬೇಕಿರಲಿಲ್ಲ. ಊರಿನ ಟೆನಿಸ್ ಬಾಲ್ ತಂಡದವರು ತಮ್ಮ ಆರಂಭಿಕ ಬ್ಯಾಟುಗಾರನನ್ನು ಹಿರಿಯೂರು ಕಡೆಯ ತಂಡವೊಂದಕ್ಕೆ ಕೊಟ್ಟು, ಅಲ್ಲಿಂದ ಹತ್ತೊಂಬತ್ತರ ವೇಗದ ಬೌಲರ್ ಒಬ್ಬನನ್ನು ತಂದುಕೊಂಡಿದ್ದರು. ಸಾಲದ್ದಕ್ಕೆ ಹರಾಜಿಗೆ ಬಳಸಲು ಒಂದಷ್ಟು ಪಾಯಿಂಟನ್ನೂ ಗಿಟ್ಟಿಸಿದ್ದರು. ಕೊಟ್ಟದ್ದು ಯಾರನ್ನು? ಆ ಅಂಗಳದಲ್ಲಿ ಆಡಲು ಕಲಿತು, ಬೇರೆ ಊರಿನವರು ಕರೆದರೂ ಹೋಗದೆ ಉಳಿದಿದ್ದವನನ್ನು. ಊರೆಲ್ಲ ‘ಅಣ್ಣ’ ಎಂದೇ ಕರೆಯುವವನನ್ನು.

ತಾಲ್ಲೂಕು ಮಟ್ಟದ ಇಂಥ ಲೀಗುಗಳ ರೀತಿ ನಿಮಗೆ ಗೊತ್ತೇ ಇದೆ. ಕಲ್ಯಾಣ ಮಂಟಪದಲ್ಲಿ ಹರಾಜು, ದುಡ್ಡಿನ ಬದಲು ಪಾಯಿಂಟು, ತಂಡಕ್ಕೊಬ್ಬ ಐಕಾನ್ ಆಟಗಾರ, ಗೆದ್ದವರಿಗೆ ಆಳೆತ್ತರದ ಟ್ರೋಫಿ. ಆದರೆ ಹರಾಜಿಗೂ ಮುಂಚೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದೆಂಬ ನಿಯಮವನ್ನು ನಾನು ಕಂಡದ್ದು ಇಲ್ಲೇ. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ‘ಟ್ರೇಡ್’ ಎನ್ನುವುದು ಇದನ್ನೇ. ಆ ಖುಷಿ ನನಗೆ ಇನ್ನೂ ಇಳಿದಿಲ್ಲ.

ವ್ಯವಹಾರ ಕುದುರಿಸಿದವರು ನಿವೃತ್ತ ಮೇಷ್ಟ್ರು. ಲೆಕ್ಕವೆಲ್ಲ ಅವರ ಹಾಜರಿ ಪುಸ್ತಕದಂಥ ನೋಟ್‌ಬುಕ್ಕಿನಲ್ಲಿದೆ. ಅದನ್ನು ನನ್ನ ಮುಂದೆ ಹರಡಿ, “ನೋಡ್ರಿ, ಹೋದ ವರ್ಷ ಅಣ್ಣ ಹೊಡೆದಿದ್ದೆಲ್ಲ ಮೊದಲ್ನೇ ಮೂರು ಓವರ್‌ನಾಗೆ. ಆಮೇಲೆ ಮಂಡಿ ಕೇಳಲ್ಲ. ಎರಡು ರನ್ ಇರೋ ಕಡೆ ಒಂದೇ ತಗಂತಾನೆ. ಜತೆಗಿರೋ ಹುಡುಗ ಅರ್ಧ ದಾರಿಗೆ ಬಂದು ರನೌಟ್ ಆಗ್ತಾನೆ. ಆ ರನೌಟು ಯಾರ ಲೆಕ್ಕಕ್ಕೆ ಬರೀಬೇಕು ಹೇಳ್ರಿ?” ಎಂದರು. ಅವರು ಬರೆದದ್ದು ಅಣ್ಣನ ಲೆಕ್ಕಕ್ಕೇ, ಕೆಂಪು ಶಾಯಿಯಲ್ಲಿ. ದೊಡ್ಡ ಲೀಗುಗಳ ಅಂಕಿಅಂಶ ಪಂಡಿತರು ನೋಡಬೇಕಾದ ಪುಸ್ತಕ ಅದು.

ಟೀ ಅಂಗಡಿಯವರು ಮಾತ್ರ ಮೇಷ್ಟ್ರ ಮುಖ ನೋಡದೆಯೇ ಲೋಟ ಕುಕ್ಕಿದರು. “ಮನೆ ಹಿರೇಮಗನ್ನ ಕೊಟ್ಟು ಪಕ್ಕದ್ಮನೆ ಹುಡುಗನ್ನ ತಂದಂಗಾತು ಸಾರ್. ಕಪ್ ಬಂದ್ರೂ ಅದು ನಮ್ದಲ್ಲ.”

ಅಣ್ಣ ಸಿಕ್ಕಿದ್ದು ತೋಟದಲ್ಲಿ, ಡ್ರಿಪ್ ಪೈಪು ಸರಿಮಾಡುತ್ತ. ಬೇಜಾರಾಯಿತೇ ಎಂದೆ. “ಆತು ಬಿಡ್ರಿ. ಒಂದ್ಮಾತು ಕೇಳಬೇಕಿತ್ತು, ಕೇಳ್ಲಿಲ್ಲ” ಎಂದು ಸ್ವಲ್ಪ ಹೊತ್ತು ಪೈಪಿನ ಕಡೆಯೇ ನೋಡಿದ. ಆಮೇಲೆ ನಾನು ಕೇಳದೆಯೇ, “ಆದ್ರೂ ಸುಮ್ನೆ ಕೊಟ್ಟಿಲ್ಲ ನೋಡ್ರಿ. ಒಬ್ಬ ಬೌಲರ್, ಮೇಲೆ ಪಾಯಿಂಟು. ಈ ವಯಸ್ಸಿನಾಗೆ!” ಎಂದ. ದನಿಯಲ್ಲಿ ಇದ್ದದ್ದು ಹೆಮ್ಮೆಯೇ.

ನಿಷ್ಠೆಯಿಂದ ಆಡಿದ ಹಿರಿಯನನ್ನು ಕೈಬಿಡಬೇಕೇ ಎಂಬ ಪ್ರಶ್ನೆ ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ ಹಳೆಯದು. ಅದಕ್ಕೆ ಅತಿ ಕಠೋರ ಉತ್ತರ ಕೊಟ್ಟದ್ದು ಬಾಸ್ಟನ್ ಸೆಲ್ಟಿಕ್ಸ್. ಹದಿನೈದು ಋತು ತಮಗಾಗಿ ಆಡಿದ, 2008ರ ಚಾಂಪಿಯನ್ ಪಟ್ಟ ತಂದ ಪಾಲ್ ಪಿಯರ್ಸ್‌ರನ್ನು ಅವರು 2013ರಲ್ಲಿ, ಕೆವಿನ್ ಗಾರ್ನೆಟ್ ಜತೆಗೆ, ಬ್ರೂಕ್ಲಿನ್ ನೆಟ್ಸ್‌ಗೆ ಸಾಗಹಾಕಿದರು. ಬದಲಿಗೆ ಮುಖ್ಯವಾಗಿ ಪಡೆದದ್ದು ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಮೊದಲ ಸುತ್ತಿನಲ್ಲೇ ಆರಿಸುವ ಹಕ್ಕು. ಆ ಹಕ್ಕಿನ ಜಾಡಿನಲ್ಲೇ 2016ರಲ್ಲಿ ಜೇಲೆನ್ ಬ್ರೌನ್, 2017ರಲ್ಲಿ ಜೇಸನ್ ಟೇಟಮ್ ಬಂದರು. 2024ರಲ್ಲಿ ಅವರಿಬ್ಬರೂ ಸೆಲ್ಟಿಕ್ಸ್‌ಗೆ ಮತ್ತೆ ಕಪ್ ಗೆದ್ದುಕೊಟ್ಟರು. ಬಾಸ್ಟನ್ ಬಿಡುವಾಗ ಪಿಯರ್ಸ್‌ಗೆ 35.

ನಮ್ಮ ಕ್ರಿಕೆಟಿಗ ಆರ್. ವಿನಯ್ ಕುಮಾರ್ ಕರ್ನಾಟಕ ತಂಡ ಬಿಟ್ಟಾಗಲೂ 35.

‘ನಮ್ಮ’ ಎಂದದ್ದಕ್ಕೆ ದಾವಣಗೆರೆಯವರು ಸಿಟ್ಟಾಗಬಾರದು. ವಿನಯ್ ಹುಟ್ಟಿದ್ದು 1984ರ ಫೆಬ್ರವರಿಯಲ್ಲಿ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಆಟೊ ಚಾಲಕರೊಬ್ಬರ ಈ ಮಗ ಹುಟ್ಟಿನಿಂದ ನಮ್ಮ ಚಿತ್ರದುರ್ಗ ಜಿಲ್ಲೆಯವರು! ಈ ಹಕ್ಕನ್ನು ನಾನು ಸುಲಭಕ್ಕೆ ಬಿಟ್ಟುಕೊಡುವವನಲ್ಲ.

2004–05ರಲ್ಲಿ ರಣಜಿಗೆ ಕಾಲಿಟ್ಟ ಅವರು ನಾಯಕರಾಗಿ 2013–14ರಲ್ಲಿ ಕರ್ನಾಟಕದ ಹದಿನೈದು ವರ್ಷಗಳ ಬರ ನೀಗಿಸಿದರು. ಆ ಋತುವಿನಲ್ಲೂ ಮರುವರ್ಷವೂ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ ನಮ್ಮಲ್ಲೇ. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ನಡೆದ ರಣಜಿ ಫೈನಲ್ ಎಂದರೆ ಎಲ್ಲರೂ ಕರುಣ್ ನಾಯರ್ ಅವರ 328 ಎನ್ನುತ್ತಾರೆ. ನನಗೆ ಮೊದಲು ನೆನಪಾಗುವುದು ವಿನಯ್. 34 ರನ್ನಿಗೆ 5 ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಮಡಚಿದ್ದು ಅವರು. ನಮ್ಮವರು 84ಕ್ಕೆ 5 ಆಗಿ ಕಂಗೆಟ್ಟಾಗ ಕರುಣ್ ಮತ್ತು ಕೆ.ಎಲ್. ರಾಹುಲ್ 386 ರನ್ ಜತೆಯಾಟ ಕಟ್ಟಿದರು, ಸರಿ. ಅದಾದ ಮೇಲೂ ಡಿಕ್ಲೇರ್ ಮಾಡದೆ, ಕೆಳಗಿನ ಕ್ರಮಾಂಕದಲ್ಲಿ ತಾವೇ ಬಂದು ಔಟಾಗದೆ 105 ಹೊಡೆದರು ನಾಯಕ. ಮೊತ್ತ 762! ಎದುರಾಳಿಗಳ ಮೇಲೆ ಇಷ್ಟೊಂದು ನಿರ್ದಯೆ ಬೇಕಿತ್ತೇ ಎಂದು ಆಗ ಪತ್ರಕರ್ತ ಗೆಳೆಯರೊಬ್ಬರು ಗೊಣಗಿದ್ದರು. ನನಗಂತೂ ಬೇಕಿತ್ತು.

2017ರ ಡಿಸೆಂಬರ್ ಇದಕ್ಕೆ ಉಲ್ಟಾ. ಈಡನ್ ಗಾರ್ಡನ್ಸ್‌ನ ಸೆಮಿಫೈನಲ್, ವಿದರ್ಭದ ವಿರುದ್ಧ ಗುರಿ 198. ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು. 36 ಹೊಡೆದ ವಿನಯ್ ಕೊನೆಯ ದಿನ ಬೆಳಿಗ್ಗೆ ಔಟಾದರು. ತಂಡ ಸೋತದ್ದು 5 ರನ್ನಿಂದ.

2019ರ ಆಗಸ್ಟ್‌ನಲ್ಲಿ ಅವರು ಪುದುಚೇರಿಗೆ ಹೊರಟರು. ಕರ್ನಾಟಕಕ್ಕೆ ಬದಲಿಗೆ ಸಿಕ್ಕಿದ್ದೇನು? ಏನೂ ಇಲ್ಲ. ನಮ್ಮ ದೇಶೀಯ ಕ್ರಿಕೆಟ್‌ನಲ್ಲಿ ಟ್ರೇಡ್ ಇಲ್ಲ, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದೆ. ಪುದುಚೇರಿಯ ಹುಡುಗರಿಗೆ ಮಾತ್ರ ಕೇಳಿ ಕಲಿಯಲು ಒಬ್ಬರು ಸಿಕ್ಕರು. ಜತೆಗೆ ಆ ರಣಜಿ ಋತುವಿನಲ್ಲಿ 45 ವಿಕೆಟ್. ಪ್ಲೇಟ್ ಗುಂಪಿನ ದುರ್ಬಲ ತಂಡಗಳ ವಿರುದ್ಧ ಎಂದು ಮೇಷ್ಟ್ರಂಥವರು ಮೂಗು ಮುರಿಯಬಹುದು. ನ್ಯಾಯವೇ. ವಿನಯ್ ಇಲ್ಲದ ಕರ್ನಾಟಕ ಅದೇ ಋತುವಿನಲ್ಲಿ ವಿಜಯ್ ಹಜಾರೆ, ಮುಷ್ತಾಕ್ ಅಲಿ ಎರಡೂ ಗೆದ್ದದ್ದನ್ನು ನಾನೂ ಮುಚ್ಚಿಡುವುದಿಲ್ಲ. 2021ರಲ್ಲಿ ನಿವೃತ್ತಿ ಹೇಳಿದಾಗ ಅವರ ಪ್ರಥಮ ದರ್ಜೆ ವಿಕೆಟ್ 504.

ಐಪಿಎಲ್ ಲೆಕ್ಕವೇ ಬೇರೆ, ಅಲ್ಲಿ ಬೆಲೆಚೀಟಿ ಎಲ್ಲರಿಗೂ ಕಾಣುತ್ತದೆ. 2011ರಲ್ಲಿ ಆರ್‌ಸಿಬಿ ಉಳಿಸಿಕೊಂಡದ್ದು ವಿರಾಟ್ ಕೊಹ್ಲಿ ಒಬ್ಬರನ್ನೇ. ಮೊದಲ ವರ್ಷದ ಐಕಾನ್ ರಾಹುಲ್ ದ್ರಾವಿಡ್ 5 ಲಕ್ಷ ಡಾಲರ್‌ಗೆ ರಾಜಸ್ಥಾನದ ಪಾಲಾದರು. ವಿನಯ್ ಕೊಚ್ಚಿಗೆ ಹೋದರು, ಕೊಚ್ಚಿ ತಂಡ ಒಂದೇ ಋತುವಿಗೆ ಮುಚ್ಚಿತು, ಮರುವರ್ಷ ಅದೇ ಆರ್‌ಸಿಬಿ 10 ಲಕ್ಷ ಡಾಲರ್ ತೆತ್ತು ಅವರನ್ನು ವಾಪಸು ಕರೆತಂದಿತು. ಮನೆಯಲ್ಲಿದ್ದವನನ್ನು ಬಿಟ್ಟು ಸಂತೆಯಲ್ಲಿ ಕೊಂಡ ಜಾಣತನ! ಉಳಿದ ಕೊಹ್ಲಿ ಹದಿನೆಂಟನೇ ಋತುವಿನಲ್ಲಿ, 2025ರ ಜೂನ್ 3ರಂದು, ಕಪ್ ಎತ್ತಿದರು. ನಿಷ್ಠೆಗೆ ಫಲ ಸಿಗುತ್ತದೆ ಎಂದು ಅಂದು ರಾತ್ರಿ ಕುಣಿದವರು, ದ್ರಾವಿಡ್‌ಗೂ ನಿಷ್ಠೆ ಇತ್ತಲ್ಲವೇ ಎಂದು ಕೇಳಿಕೊಳ್ಳಲಿಲ್ಲ.

ಹಿರಿಯನನ್ನು ಕೊಡಲೇಬೇಕೆಂದಾದರೆ ಬೆಲೆ ಇರುವಾಗಲೇ ಕೊಡಬೇಕು, ಬದಲಿಗೆ ಏನಾದರೂ ತರಬೇಕು, ಅವನನ್ನು ಒಂದು ಮಾತು ಕೇಳಬೇಕು. ಮೇಷ್ಟ್ರು ಮೊದಲೆರಡನ್ನು ಮಾಡಿದರು, ಮೂರನೆಯದನ್ನು ಬಿಟ್ಟರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಂಟು ಋತು ಆಡಿ, ಅದರಲ್ಲಿ ನಾಲ್ಕನ್ನು ಒಂದೇ ತಂಡದಲ್ಲಿ ಕಳೆದವನು ತನ್ನ ಒಪ್ಪಿಗೆಯಿಲ್ಲದೆ ಟ್ರೇಡ್ ಮಾಡಕೂಡದೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು. ಕೋಬಿ ಬ್ರಯಂಟ್ ಬರೆಸಿಕೊಂಡಿದ್ದರು.

ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆ ಈ ಮೂರರಲ್ಲಿ ಒಂದನ್ನಾದರೂ ರೂಢಿ ಮಾಡಿಕೊಂಡಿದೆಯೇ? ಕರುಣ್ ನಾಯರ್ ಕಥೆ ನೋಡಿ. ಅವರು ಮುದುಕರೇನಲ್ಲ, 2023ರಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋದರು. 2024–25ರ ರಣಜಿಯಲ್ಲಿ 863 ರನ್ ಗುಡ್ಡೆ ಹಾಕಿದರು, ವಿದರ್ಭ ಚಾಂಪಿಯನ್ ಆಯಿತು, ಅವರು ಭಾರತ ಟೆಸ್ಟ್ ತಂಡಕ್ಕೂ ಮರಳಿದರು. 2025ರಲ್ಲಿ ಮತ್ತೆ ಕರ್ನಾಟಕಕ್ಕೆ ಬಂದರು. ಹೋಗುವಾಗ ನಮಗೆ ಒಬ್ಬ ಬೌಲರೂ ಸಿಗಲಿಲ್ಲ, ಬರುವಾಗ ವಿದರ್ಭಕ್ಕೂ ಸಿಗಲಿಲ್ಲ. ಆದರೆ ವಿದರ್ಭದವರ ಹತ್ತಿರ ಕಪ್ ಉಳಿಯಿತು.